ವರ್ಡ್ ಬದಲಿಸುವ ಮೊದಲು ಫೈಲು ನೋಡಿ: ಕಾಸರಗೋಡಿನ ಸಣ್ಣ ಕಚೇರಿಗಳಿಗೊಂದು ಮಾರ್ಗದರ್ಶಿ

ಬದಿಯಡ್ಕದಲ್ಲೋ ಉಪ್ಪಳದಲ್ಲೋ ಇರುವ ಒಂದು ಸಹಕಾರಿ ಸಂಘದ ಕಂಪ್ಯೂಟರಿನಿಂದ ಹೊರಡುವ ಫೈಲುಗಳು ಮೂರು ದಿಕ್ಕಿಗೆ ಹೋಗುತ್ತವೆ. ಮಹಾಸಭೆಯ ವರದಿ ಕನ್ನಡದಲ್ಲಿ ಮಂಗಳೂರಿನ ಪ್ರೆಸ್ಸಿಗೆ. ಪತ್ರವ್ಯವಹಾರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ವಿದ್ಯಾನಗರದ ಕಚೇರಿಗಳಿಗೆ. ವಿದ್ಯಾರ್ಥಿವೇತನದ ಅರ್ಜಿ ನಮೂನೆ ಊರಿನ ಕನ್ನಡ ಶಾಲೆಗೆ, ಅಲ್ಲಿರುವುದು ವಿಂಡೋಸಿನ ಬದಲಿಗೆ ಲಿನಕ್ಸ್, ವರ್ಡಿನ ಬದಲಿಗೆ ಲಿಬ್ರೆಆಫೀಸ್. ಈ ಮೂರರಲ್ಲಿ ಒಂದು ಕಡೆ ಫೈಲು ಸರಿಯಾಗಿ ತೆರೆಯದಿದ್ದರೆ ಮೊದಲು ಬರುವ ಸಲಹೆ ಒಂದೇ: ‘ನಿಮ್ಮದು ಹಳೇ ವರ್ಡ್, ಹೊಸತು ಹಾಕಿಸಿ.’

ಹಾಕಿಸಬೇಕಾದ ಸಂದರ್ಭಗಳು ನಿಜಕ್ಕೂ ಇವೆ. ಆದರೆ ನಮ್ಮ ಗಡಿನಾಡಿನ ಕಚೇರಿಗಳಲ್ಲಿ ‘ಫೈಲ್ ಓಪನ್ ಆಗುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಫಾಂಟ್, ವರ್ಡಿನ ಆವೃತ್ತಿಯಲ್ಲ. ಫಾಂಟಿನ ತೊಂದರೆಗೆ ಹೊಸ ವರ್ಡ್ ಮದ್ದಲ್ಲ. ದುಡ್ಡು ಕೊಟ್ಟು ತಂದ ಮೇಲೂ ಅದೇ ಚಿತ್ರವಿಚಿತ್ರ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ದಿನವನ್ನು ಫೈಲುಗಳಿಗೆ ಕೊಡಿ.

ಮೊದಲ ಹೆಜ್ಜೆ: ಇರುವುದು ಯಾವುದೆಂದು ಬರೆದಿಡಿ

ಒಂದು ಹಾಳೆಯಲ್ಲಿ ಪ್ರತಿ ಕಂಪ್ಯೂಟರಿಗೆ ಒಂದು ಸಾಲು: ವಿಂಡೋಸ್ ಯಾವುದು, ವರ್ಡ್ ಯಾವುದು, ಅದು 32 ಬಿಟ್ಟೋ 64 ಬಿಟ್ಟೋ. ವರ್ಡಿನಲ್ಲಿ ಫೈಲ್ – ಅಕೌಂಟ್ – ಅಬೌಟ್ ವರ್ಡ್ ಎಂಬಲ್ಲಿ ಇದು ಸಿಗುತ್ತದೆ. ವರ್ಡ್ 2010ರಲ್ಲಾದರೆ ಫೈಲ್ – ಹೆಲ್ಪ್. 2007ರಲ್ಲಿ ಮೂಲೆಯ ದುಂಡು ಗುಂಡಿ ಒತ್ತಿ, ವರ್ಡ್ ಆಪ್ಷನ್ಸ್ – ರಿಸೋರ್ಸಸ್.

ಮೈಕ್ರೋಸಾಫ್ಟ್ ಯಾವ ಆವೃತ್ತಿಗೆ ಎಲ್ಲಿಯವರೆಗೆ ಸುರಕ್ಷತೆಯ ತಿದ್ದುಪಡಿ ಕೊಡುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆಫೀಸ್ (ವರ್ಡ್ ಸೇರಿರುವ ಕಟ್ಟು) 2007ಕ್ಕೆ 2017ರ ಅಕ್ಟೋಬರಿನಲ್ಲಿ, 2010ಕ್ಕೆ 2020ರ ಅಕ್ಟೋಬರಿನಲ್ಲಿ, 2013ಕ್ಕೆ 2023ರ ಏಪ್ರಿಲಿನಲ್ಲಿ ಅದು ನಿಂತಿತು. 2016 ಮತ್ತು 2019 ಎರಡಕ್ಕೂ ಕೊನೆಯ ದಿನ 2025ರ ಅಕ್ಟೋಬರ್ 14. ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದೂ ಅದೇ ದಿನ. 2021ಕ್ಕೆ 2026ರ ಅಕ್ಟೋಬರ್ 13, 2024ಕ್ಕೆ 2029ರ ಅಕ್ಟೋಬರ್ 9.

ಈ ದಿನಾಂಕಗಳಿಗೂ ಫೈಲು ತೆರೆಯುವುದಕ್ಕೂ ಸಂಬಂಧವಿಲ್ಲ. 2016ರ ವರ್ಡ್ ಇವತ್ತಿನ ಡಾಕ್ಸ್ (.docx) ಫೈಲನ್ನು ಚೆನ್ನಾಗಿಯೇ ತೆರೆಯುತ್ತದೆ. ದಿನಾಂಕ ಹೇಳುವುದು ಅಪಾಯದ ಬಗ್ಗೆ: ಗೊತ್ತಿಲ್ಲದವರಿಂದ ಬಂದ ಮೇಲ್ ಅಟ್ಯಾಚ್‌ಮೆಂಟ್, ವಾಟ್ಸಾಪಿನಿಂದ ಇಳಿಸಿಕೊಂಡ ಫೈಲು, ಯಾರದೋ ಪೆನ್ ಡ್ರೈವ್ ಇವನ್ನೆಲ್ಲ ತೆರೆಯುವ ಕಂಪ್ಯೂಟರಿನಲ್ಲಿ ತಿದ್ದುಪಡಿ ನಿಂತ ವರ್ಡ್ ಇಟ್ಟುಕೊಳ್ಳಬಾರದು. ಸದಸ್ಯರ ಆಧಾರ್ ಪ್ರತಿ, ಸಾಲದ ಕಾಗದ ಇರುವ ಕಂಪ್ಯೂಟರಾದರೆ ಇದರಲ್ಲಿ ರಿಯಾಯಿತಿಯೇ ಇಲ್ಲ. ನಕಲಿ ಕೀ ಹಾಕಿ ಓಡಿಸುತ್ತಿರುವ ವರ್ಡ್ ಇದ್ದರೆ ಅದನ್ನು ‘ಹೊಸತು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು 2007ಕ್ಕಿಂತ ಹೆಚ್ಚು ಅಪಾಯದ್ದು.

ಎರಡನೇ ಹೆಜ್ಜೆ: ಫೈಲುಗಳ ಗಣತಿ

ಕಚೇರಿಯ ಫೋಲ್ಡರ್ ತೆರೆದು, ವ್ಯೂ – ಡೀಟೇಲ್ಸ್ ಮಾಡಿ, ಟೈಪ್ ಎಂಬ ಕಾಲಮಿನ ತಲೆಯ ಮೇಲೆ ಕ್ಲಿಕ್ಕಿಸಿ. ಒಂದೇ ಬಗೆಯ ಫೈಲುಗಳು ಗುಂಪಾಗಿ ನಿಲ್ಲುತ್ತವೆ. ‘ವರ್ಡ್ 97–2003 ಡಾಕ್ಯುಮೆಂಟ್’ ಎಂದು ಬರೆದದ್ದು ಹಳೆಯ ಡಾಕ್ (.doc). ಬರೇ ‘ವರ್ಡ್ ಡಾಕ್ಯುಮೆಂಟ್’ ಎಂದಿದ್ದರೆ 2007ರಿಂದ ಬಂದ ಡಾಕ್ಸ್. ಒಡಿಟಿ ಎಂದರೆ ಲಿಬ್ರೆಆಫೀಸಿನದು. ಎಷ್ಟೆಷ್ಟು ಇವೆ, ಕಳೆದ ಎರಡು ವರ್ಷದಲ್ಲಿ ಮುಟ್ಟಿದ್ದು ಎಷ್ಟು ಎಂದು ಬರೆಯಿರಿ. ಮುಟ್ಟದ ಫೈಲುಗಳ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಮುಖ್ಯವಾದ ಕೆಲಸ, ಫಾಂಟ್ ನೋಡುವುದು. ಒಂದು ಕನ್ನಡ ಫೈಲಿನ ನಕಲು ಮಾಡಿ, ನಕಲನ್ನೇ ತೆರೆಯಿರಿ. ಒಂದು ಪದದ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪೆಟ್ಟಿಗೆಯಲ್ಲಿ ಫಾಂಟಿನ ಹೆಸರು ಕಾಣುತ್ತದೆ. ಪದವನ್ನು ಆಯ್ದು ಫಾಂಟನ್ನು ನಿರ್ಮಲಾ ಯುಐ ಎಂದು ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಬರಹ. ಅಕ್ಷರಗಳೆಲ್ಲ ಕೆಟ್ಟು ಇಂಗ್ಲಿಷಿನ ಚೂರುಗಳು ಕಂಡರೆ ಅದು ಹಳೆಯ ಆನ್ಸಿ ಬಗೆಯ ಬರಹ: ನುಡಿ 01 ಇ, ಬಿಆರ್‌ಎಚ್ ಕನ್ನಡ ಮುಂತಾದವು.

ಹೀಗಾಗುವುದಕ್ಕೆ ಕಾರಣವಿದೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಕನ್ನಡ ಇರುವುದಿಲ್ಲ. ಅಲ್ಲಿರುವುದು ಏಳು ಗುರುತುಗಳು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಪುನಃ ಗೀಟಿನ ಎ. ಫಾಂಟು ಪಿಯ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರವನ್ನೂ ಗೀಟಿನ ಎಯ ಜಾಗದಲ್ಲಿ ತಲೆಕಟ್ಟನ್ನೂ ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತನ್ನೂ ಬರೆಯುತ್ತದೆ, ಅಷ್ಟೇ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಗುರುತುಗಳು ತಮ್ಮ ನಿಜರೂಪದಲ್ಲೇ ಕಾಣುತ್ತವೆ. ಅಲ್ಲಿರುವುದು ವರ್ಡ್ 2003 ಆಗಲಿ, 2024 ಆಗಲಿ, ಲಿಬ್ರೆಆಫೀಸ್ ಆಗಲಿ, ಫಲ ಒಂದೇ.

ಮಲಯಾಳದಲ್ಲಿಯೂ ಇದೇ ಕಥೆ. ಎಂಎಲ್-ಟಿಟಿ ಎಂದು ಶುರುವಾಗುವ ಹೆಸರಿನ ಫಾಂಟುಗಳಾದರೆ ಹಳೆಯ ಬಗೆ. ಮೀರ, ರಚನ, ಕಾರ್ತಿಕ ಇವು ಯೂನಿಕೋಡ್. ಎಂಎಲ್-ಟಿಟಿ ಕಾರ್ತಿಕ ಬೇರೆ, ವಿಂಡೋಸಿನ ಕಾರ್ತಿಕ ಬೇರೆ, ಹೆಸರು ನೋಡಿ ಮೋಸಹೋಗಬೇಡಿ. ಮಲಯಾಳ ಯೂನಿಕೋಡಿನೊಳಗೆ ಇನ್ನೊಂದು ಸೂಕ್ಷ್ಮವೂ ಇದೆ: ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳಿಗೆ) 2008ರ ಯೂನಿಕೋಡ್ 5.1ರಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಅದಕ್ಕೂ ಹಿಂದಿನ ಕ್ರಮದಲ್ಲಿ ಅವನ್ನು ಮೂರು ಗುರುತು ಸೇರಿಸಿ ಬರೆಯುತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಆದರೆ ಸದಸ್ಯರ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ‘ವರ್ಡಿನ ಸರ್ಚ್ ಹಾಳಾಗಿದೆ’ ಎನ್ನುವ ಮೊದಲು ಇದನ್ನು ನೋಡಿ.

ಗಣತಿ ಮುಗಿದಾಗ ನಿಮ್ಮ ಹಾಳೆಯಲ್ಲಿ ಮುಟ್ಟುವ ಫೈಲುಗಳಲ್ಲಿ ಹೆಚ್ಚಿನವು ಆನ್ಸಿ ಎಂದು ಕಂಡರೆ, ನಿಮ್ಮ ಮುಂದಿರುವ ಕೆಲಸ ವರ್ಡ್ ಬದಲಿಸುವುದಲ್ಲ, ಯೂನಿಕೋಡಿಗೆ ಬರುವುದು. ಅದನ್ನು ಈಗಿರುವ ವರ್ಡಿನಲ್ಲೇ ಮಾಡಬಹುದು.

ಮೂರನೇ ಹೆಜ್ಜೆ: ಫೈಲು ಯಾರ ಕೈಗೆ ಹೋಗುತ್ತದೆ

ಹೊರಗೆ ಹೋಗುವ ಫೈಲುಗಳನ್ನು ಎರಡು ಪಾಲು ಮಾಡಿ. ಎದುರಿನವರು ಬರೇ ಓದುವುದು, ಪ್ರಿಂಟು ತೆಗೆಯುವುದು ಒಂದು ಪಾಲು. ಅವರು ತಿದ್ದಿ ಹಿಂದೆ ಕಳಿಸುವುದು ಇನ್ನೊಂದು.

ಓದುವುದಕ್ಕೆ ಹೋಗುವುದೆಲ್ಲ ಪಿಡಿಎಫ್ ಆಗಲಿ. ವರ್ಡ್ 2010ರಿಂದ ಈಚಿನ ಎಲ್ಲದರಲ್ಲೂ ಲಿಬ್ರೆಆಫೀಸಿನಲ್ಲೂ ಪಿಡಿಎಫ್ ಮಾಡುವ ಸೌಕರ್ಯ ಒಳಗೇ ಇದೆ, ಫಾಂಟು ಅದರೊಳಗೇ ಸೇರುತ್ತದೆ. ಅರ್ಜಿ, ನೋಟೀಸು, ಮಹಾಸಭೆಯ ಕರೆಯೋಲೆ ಇವಕ್ಕಾಗಿ ಯಾರೂ ವರ್ಡ್ ಬದಲಿಸಬೇಕಾಗಿಲ್ಲ. ಈ ಒಂದು ಅಭ್ಯಾಸದಿಂದಲೇ ಅರ್ಧ ದೂರು ನಿಲ್ಲುತ್ತದೆ.

ತಿದ್ದುವುದಕ್ಕೆ ಹೋಗುವ ಫೈಲುಗಳಲ್ಲಿ ಮಾತ್ರ ಹೊಂದಾಣಿಕೆಯ ಪ್ರಶ್ನೆ ನಿಜವಾಗಿ ಬರುತ್ತದೆ. ಪ್ರೆಸ್ಸಿನವರನ್ನು ಫೋನಿನಲ್ಲಿ ಕೇಳಿ: ‘ಮ್ಯಾಟರ್ ಯೂನಿಕೋಡಿನಲ್ಲಿ ಬೇಕೋ, ನುಡಿಯಲ್ಲಿ ಬೇಕೋ?’ ಪೇಜ್‌ಮೇಕರ್ 7ರಲ್ಲಿ ಪುಟ ಕಟ್ಟುವವರು ಇನ್ನೂ ಇದ್ದಾರೆ. ಅದು 2001ರ ಸಾಫ್ಟ್‌ವೇರ್, ಕನ್ನಡ ಯೂನಿಕೋಡ್ ಅದಕ್ಕೆ ಅರ್ಥವಾಗದು. ಅಂಥವರಿಗೆ ಬ್ರಹ್ಮಕಲಶೋತ್ಸವದ ಆಮಂತ್ರಣದ ಮ್ಯಾಟರನ್ನು ಯೂನಿಕೋಡಿನಲ್ಲಿ ಕಳಿಸಿದರೆ ಅವರು ಪುನಃ ಆನ್ಸಿಗೆ ತಿರುಗಿಸಿಕೊಳ್ಳುತ್ತಾರೆ. ಆ ತಿರುಗಿಸುವಿಕೆಯಲ್ಲಿ ತಪ್ಪು ನುಸುಳುತ್ತದೆ, ಆದ್ದರಿಂದ ಪ್ರೂಫ್ ನೋಡದೆ ಅಚ್ಚಿಗೆ ಬಿಡಬೇಡಿ.

ಶಾಲೆಗಳ ಸಂಗತಿ ಬೇರೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ರಾಜ್ಯ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ, ಉಬುಂಟು ಆಧಾರದ ಗ್ನು ಲಿನಕ್ಸ್ ನಡೆಯುತ್ತದೆ. ಮಂಜೇಶ್ವರದ ಕನ್ನಡ ಶಾಲೆಯ ಅಧ್ಯಾಪಕರು ಪ್ರಶ್ನೆಪತ್ರಿಕೆ ಮಾಡುವುದು ಲಿಬ್ರೆಆಫೀಸ್ ರೈಟರಿನಲ್ಲಿ. ಅವರ ಒಡಿಟಿ ಫೈಲನ್ನು ವರ್ಡ್ 2007 ಎರಡನೇ ಸರ್ವಿಸ್ ಪ್ಯಾಕಿನಿಂದ ಮುಂದಿನವು ತೆರೆಯುತ್ತವೆ, 2013ರಿಂದ ಈಚಿನವು ಹೆಚ್ಚು ಚೆನ್ನಾಗಿ. ಶಾಲೆಯೊಂದಿಗೆ ದಿನವೂ ಫೈಲು ಬದಲಾಯಿಸುವ ಪಿಟಿಎ, ಪುಸ್ತಕ ಸಮಿತಿ, ಗ್ರಂಥಾಲಯಗಳು ಲಿಬ್ರೆಆಫೀಸನ್ನೇ ಹಾಕಿಕೊಳ್ಳುವುದು ಮೇಲು. ದುಡ್ಡಿಲ್ಲ, ವಿಂಡೋಸಿನಲ್ಲೂ ಓಡುತ್ತದೆ. ಕಂಪ್ಯೂಟರು ವಿಂಡೋಸ್ 7ರದ್ದಾದರೆ ಮಾತ್ರ ಗಮನಿಸಿ, 2025ರ ಆಗಸ್ಟಿನಲ್ಲಿ ಬಂದ ಲಿಬ್ರೆಆಫೀಸ್ 25.8 ವಿಂಡೋಸ್ 7 ಮತ್ತು 8ನ್ನು ಬಿಟ್ಟಿದೆ.

ನಾಲ್ಕನೇ ಹೆಜ್ಜೆ: ಹನ್ನೆರಡು ಫೈಲುಗಳ ಪರೀಕ್ಷೆ

ಇದನ್ನು ಮಾಡದೆ ಖರೀದಿ ಬೇಡ. ಸುಲಭದವನ್ನಲ್ಲ, ಕಷ್ಟದವನ್ನೇ ಆರಿಸಿ: ಚಿತ್ರವಿರುವ ಲೆಟರ್‌ಹೆಡ್, ಅಗಲದ ಪಟ್ಟಿಯಿರುವ ಆಯವ್ಯಯ, ಪಟ್ಟಿಯಿಂದ ಹೆಸರು ತುಂಬುವ ಮೇಲ್ ಮರ್ಜ್ ನೋಟೀಸು, ಮೂರು ಭಾಷೆ ಕಲಸಿದ ಪತ್ರ, ಕರಾರುಪತ್ರ, ಅಡಿಟಿಪ್ಪಣಿಯಿರುವ ಲೇಖನ, ಗಣಿತದ ಪ್ರಶ್ನೆಪತ್ರಿಕೆ, ಮ್ಯಾಕ್ರೋ (ತಾನಾಗಿ ಕೆಲಸ ನಡೆಸುವ ಆಜ್ಞೆಗಳ ಸರಣಿ) ಇರುವುದು, ಪಾಸ್‌ವರ್ಡ್ ಹಾಕಿದ್ದು, ತಿದ್ದಿದ್ದನ್ನು ತೋರಿಸುವ ಟ್ರ್ಯಾಕ್ ಚೇಂಜಸ್ ಇರುವ ಕರಡು, 2003ಕ್ಕಿಂತ ಹಳೆಯದು ಒಂದು, ಐವತ್ತು ಪುಟಕ್ಕಿಂತ ದೊಡ್ಡದು ಒಂದು.

ಈಗಿರುವ ವರ್ಡಿನಿಂದ ಹನ್ನೆರಡನ್ನೂ ಪ್ರಿಂಟು ತೆಗೆಯಿರಿ. ಫೈಲುಗಳ ನಕಲನ್ನು ಪೆನ್ ಡ್ರೈವಿನಲ್ಲಿ ಹಾಕಿ, ನೀವು ಕೊಳ್ಳಬೇಕೆಂದಿರುವ ವರ್ಡ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಅಲ್ಲಿಂದಲೂ ಪ್ರಿಂಟು ತೆಗೆಯಿರಿ. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ 365ಕ್ಕೆ ಒಂದು ತಿಂಗಳ ಉಚಿತ ಪರೀಕ್ಷಾ ಅವಧಿ ಇರುತ್ತದೆ. ಕಚೇರಿಯ ಒಂದೇ ಒಂದು ಕಂಪ್ಯೂಟರಿನಲ್ಲಿ ಹಳೆಯದನ್ನು ತೆಗೆದು ಪರೀಕ್ಷೆಗೆ ಇಳಿಯಬೇಡಿ. ಲಿಬ್ರೆಆಫೀಸನ್ನಾದರೆ ಹಳೆಯ ವರ್ಡಿನ ಪಕ್ಕದಲ್ಲೇ ಹಾಕಬಹುದು, ಒಂದಕ್ಕೊಂದು ತೊಡಕಿಲ್ಲ.

ಎರಡೂ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ಬೆಳಕಿನಲ್ಲಿ ಸಾಲಿನ ಮೇಲೆ ಸಾಲು ಕೂತರೆ ಸರಿ. ಪರದೆಯಲ್ಲಿ ತಿಳಿಯದ ವ್ಯತ್ಯಾಸ ಹೀಗೆ ತಕ್ಷಣ ಕಾಣುತ್ತದೆ: ಮೊದಲ ಪುಟದಲ್ಲಿ ಅರ್ಧ ಸಾಲು ಜಾರಿದ್ದು ಹತ್ತನೇ ಪುಟಕ್ಕೆ ಬರುವಾಗ ಸಹಿಯ ಜಾಗವನ್ನು ಹನ್ನೊಂದನೇ ಪುಟಕ್ಕೆ ತಳ್ಳಿರುತ್ತದೆ. ಮುದ್ರಾಂಕ ಕಾಗದದ ಮೇಲೆ ಕರಾರು ಮುದ್ರಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಜಾರುವುದಕ್ಕೆ ಸಾಮಾನ್ಯ ಕಾರಣ ಫಾಂಟ್ ಬದಲಾದದ್ದು. ವಿಂಡೋಸ್ ಎಕ್ಸ್‌ಪಿ ಕಾಲದ ತುಂಗಾ ಫಾಂಟಿನಲ್ಲಿ ಬರೆದ ಕನ್ನಡ ವಿಂಡೋಸ್ 10 ಮತ್ತು 11ರಲ್ಲಿ ನಿರ್ಮಲಾ ಯುಐಯಲ್ಲಿ ಕಾಣಬಹುದು, ಏಕೆಂದರೆ ತುಂಗಾ ಈಗ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸಿನ ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ಬರುತ್ತದೆ. ಇಂಗ್ಲಿಷಿನಲ್ಲಿ ಕ್ಯಾಲಿಬ್ರಿ ಇಲ್ಲದ ಲಿನಕ್ಸಿನಲ್ಲಿ ಕಾರ್ಲಿಟೊ ಅದರ ಜಾಗ ತುಂಬುತ್ತದೆ. ಅಕ್ಷರಗಳ ಅಗಲ ಒಂದೇ ಆದ್ದರಿಂದ ಸಾಲು ಒಡೆಯುವುದಿಲ್ಲ. ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್ ಹಾಗೆಯೇ. ಕನ್ನಡಕ್ಕೆ ಅಂಥ ಜೋಡಿ ಇಲ್ಲ. ಆದ್ದರಿಂದ ನೋಟೊ ಸೆರಿಫ್ ಕನ್ನಡದಂಥ ಮುಕ್ತ ಫಾಂಟೊಂದನ್ನು ಆರಿಸಿ, ಅದೇ ಫೈಲನ್ನು ಕಚೇರಿಯ, ಶಾಲೆಯ, ಅಧ್ಯಕ್ಷರ ಮನೆಯ ಕಂಪ್ಯೂಟರುಗಳಲ್ಲೆಲ್ಲ ಹಾಕಿಸಿ.

ಲಿಬ್ರೆಆಫೀಸಿನಲ್ಲಿ ಕನ್ನಡದ ಗಾತ್ರ ಇದ್ದಕ್ಕಿದ್ದಂತೆ ಚಿಕ್ಕದಾದರೆ ಗಾಬರಿ ಬೇಡ. ಕನ್ನಡ, ಮಲಯಾಳಗಳನ್ನು ಅದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂದು ಬೇರೆ ಇಟ್ಟು, ಅವಕ್ಕೆ ಪ್ರತ್ಯೇಕ ಫಾಂಟ್, ಪ್ರತ್ಯೇಕ ಗಾತ್ರ ಕೊಡುತ್ತದೆ. ಸ್ಟೈಲಿನ ಫಾಂಟ್ ಪುಟದಲ್ಲಿ ಎರಡೂ ಭಾಗವನ್ನು ತುಂಬಬೇಕು. ವರ್ಡಿನಲ್ಲೂ ಫಾಂಟ್ ಡಯಲಾಗಿನ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಭಾಗ ಇದೇ ಕೆಲಸದ್ದು.

ಗಣಿತದ ಪ್ರಶ್ನೆಪತ್ರಿಕೆಯನ್ನು ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಹಳೆಯ ಈಕ್ವೇಶನ್ ಎಡಿಟರ್ 3.0ರಲ್ಲಿ ಭದ್ರತೆಯ ದೋಷ ಕಂಡು, 2018ರ ಜನವರಿಯ ತಿದ್ದುಪಡಿಯಲ್ಲಿ ಮೈಕ್ರೋಸಾಫ್ಟ್ ಅದನ್ನೇ ತೆಗೆದುಹಾಕಿತು. ಅದರಲ್ಲಿ ಬರೆದ ವರ್ಗಮೂಲ, ಭಿನ್ನರಾಶಿ ಕಾಣುತ್ತವೆ, ಆದರೆ ತಿದ್ದಲಾಗದು. ಲಿಬ್ರೆಆಫೀಸಿನಲ್ಲಿ ಟೂಲ್ಸ್ – ಆಪ್ಷನ್ಸ್ – ಲೋಡ್/ಸೇವ್ – ಮೈಕ್ರೋಸಾಫ್ಟ್ ಆಫೀಸ್ ಎಂಬಲ್ಲಿ ಮ್ಯಾತ್‌ಟೈಪ್ ಸಾಲಿಗೆ ಗುರುತು ಹಾಕಿದ್ದರೆ ತೆರೆಯುವಾಗಲೇ ತನ್ನ ಗಣಿತರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ ಇರುವ ಅಧ್ಯಾಪಕರಿಗೆ ಇದೊಂದೇ ಸಾಕು, ಲಿಬ್ರೆಆಫೀಸ್ ಹಾಕಿಕೊಳ್ಳಲು.

ಮ್ಯಾಕ್ರೋ ಇರುವವರು 64 ಬಿಟ್ ವಿಷಯ ನೋಡಿ. 2019ರಿಂದ ಆಫೀಸ್ ತಾನಾಗಿ 64 ಬಿಟ್ ಆಗಿ ಕೂರುತ್ತದೆ. ವಿಂಡೋಸಿನ ಒಳಕರೆಗಳನ್ನು ಬಳಸುವ ಹಳೆಯ ಮ್ಯಾಕ್ರೋಗಳು ಅಲ್ಲಿ ತಿದ್ದದೆ ಓಡುವುದಿಲ್ಲ. ಅಂಥದ್ದೇ ಬೇಕಾದರೆ ಹಾಕುವಾಗಲೇ 32 ಬಿಟ್ ಆರಿಸಿ, ನಂತರ ಬದಲಿಸಬೇಕೆಂದರೆ ಪೂರಾ ತೆಗೆದು ಹಾಕಬೇಕು. 2003ಕ್ಕಿಂತ ಹಳೆಯ ಫೈಲು ತೆರೆಯದಿದ್ದರೆ ಫೈಲ್ – ಆಪ್ಷನ್ಸ್ – ಟ್ರಸ್ಟ್ ಸೆಂಟರ್ – ಫೈಲ್ ಬ್ಲಾಕ್ ಸೆಟ್ಟಿಂಗ್ಸ್ ನೋಡಿ. ವರ್ಡ್ 95ರವರೆಗಿನ ಬಗೆಗಳಿಗೆ ಅಲ್ಲಿ ತಡೆ ಇರುತ್ತದೆ. ಬೇಕಾದದ್ದನ್ನು ತೆರೆದು ಡಾಕ್ಸ್ ಮಾಡಿಕೊಂಡು ತಡೆಯನ್ನು ಪುನಃ ಹಾಕಿ.

ಈಗ ತೀರ್ಮಾನ

2003, 2007, 2010 ಇರುವವರು ಬದಲಿಸಿ. 2003ಕ್ಕೆ ಡಾಕ್ಸ್ ತೆರೆಯಲು ಮೈಕ್ರೋಸಾಫ್ಟ್ ಕೊಡುತ್ತಿದ್ದ ಕಂಪ್ಯಾಟಿಬಿಲಿಟಿ ಪ್ಯಾಕನ್ನೂ 2018ರಲ್ಲಿ ನಿಲ್ಲಿಸಿದೆ. ಯಾವುದಕ್ಕೆ ಬದಲಿಸುವುದೆಂಬುದನ್ನು ಪರೀಕ್ಷೆ ಹೇಳಲಿ: ಹನ್ನೆರಡರಲ್ಲಿ ಹತ್ತು ಲಿಬ್ರೆಆಫೀಸಿನಲ್ಲಿ ಸರಿಯಾದರೆ, ಉಳಿದೆರಡು ಮ್ಯಾಕ್ರೋದವಲ್ಲದಿದ್ದರೆ, ದುಡ್ಡು ಖರ್ಚು ಮಾಡಬೇಕಾಗಿಲ್ಲ. 2013, 2016, 2019 ಇರುವವರಿಗೆ ಫೈಲಿನ ಹೊಂದಾಣಿಕೆಯ ಕಾರಣ ಇಲ್ಲ, ಸುರಕ್ಷತೆಯ ಕಾರಣ ಇದೆ. ನೆಟ್ ಇಲ್ಲದೆ ಬರೇ ಟೈಪಿಂಗಿಗೆ ಇಟ್ಟ ಕಂಪ್ಯೂಟರಾದರೆ ಅವಸರ ಬೇಡ. ಆಫೀಸ್ 2019 ಮತ್ತು ಅದರ ಮುಂದಿನವು ವಿಂಡೋಸ್ 7ರಲ್ಲಿ ಓಡುವುದಿಲ್ಲವಾದ್ದರಿಂದ ವರ್ಡಿನ ಖರ್ಚಿನೊಂದಿಗೆ ಕಂಪ್ಯೂಟರಿನ ಖರ್ಚನ್ನೂ ಸೇರಿಸಿಯೇ ಸಮಿತಿಯ ಮುಂದೆ ಇಡಿ.

ಒಂದೇ ಸಲ ಕೊಳ್ಳುವುದೋ, ವರ್ಷವರ್ಷ ಕಟ್ಟುವ 365 ಚಂದಾವೋ? ಚಂದಾ ತಪ್ಪಿದರೆ ಫೈಲು ಅಳಿಯುವುದಿಲ್ಲ, ಆದರೆ ವರ್ಡ್ ನೋಡಲು ಮತ್ತು ಪ್ರಿಂಟು ತೆಗೆಯಲು ಮಾತ್ರ ಬಿಡುತ್ತದೆ, ತಿದ್ದಲು ಬಿಡುವುದಿಲ್ಲ. ಸಮಿತಿ ಬದಲಾಗುವ, ಖರ್ಚಿಗೆ ಪ್ರತಿ ಸಲ ನಿರ್ಣಯ ಬೇಕಾಗುವ ಸಂಘಗಳಿಗೆ ಒಂದೇ ಸಲದ ಖರೀದಿ ಹೊಂದುತ್ತದೆ ಎಂದು ನಮ್ಮ ಎಣಿಕೆ.

ಬದಲಿಸುವ ದಿನ

ಮೊದಲು ಎಲ್ಲ ಫೈಲುಗಳ ಪ್ರತಿಯನ್ನು ಹೊರಗಿನ ಡ್ರೈವಿಗೆ ಹಾಕಿ, ಹಳೆಯ ಫಾಂಟುಗಳ ಫೋಲ್ಡರನ್ನೂ ಜೊತೆಗೆ. ಹಳೆಯ ಡಾಕ್ ಫೈಲನ್ನು ಹೊಸ ವರ್ಡಿನಲ್ಲಿ ತೆರೆದಾಗ ತಲೆಯ ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ಬರುತ್ತದೆ. ಅದು ದೋಷವಲ್ಲ. ಫೈಲ್ – ಇನ್ಫೋ – ಕನ್ವರ್ಟ್ ಒತ್ತಿ ಸೇವ್ ಮಾಡಿದರೆ ಹಳೆಯ ಡಾಕ್‌ನ ಜಾಗಕ್ಕೇ ಡಾಕ್ಸ್ ಬರುತ್ತದೆ, ಮೂಲ ಉಳಿಯುವುದಿಲ್ಲ. ಮೂಲವೂ ಬೇಕಾದರೆ ಸೇವ್ ಆ್ಯಸ್ ಮಾಡಿ. ನೂರಾರು ಫೈಲುಗಳಿದ್ದರೆ ಲಿಬ್ರೆಆಫೀಸಿನ ಫೈಲ್ – ವಿಝರ್ಡ್ಸ್ – ಡಾಕ್ಯುಮೆಂಟ್ ಕನ್ವರ್ಟರ್ ಇದೆ. ಅದು ಒಡಿಟಿಯಾಗಿ ಬೇರೆ ಫೋಲ್ಡರಿಗೆ ಹಾಕುತ್ತದೆ, ಮೂಲ ಮುಟ್ಟುವುದಿಲ್ಲ.

ಇನ್ನೂ ಆನ್ಸಿಯಲ್ಲೇ ಟೈಪ್ ಮಾಡುವವರು ಹೊಸ ವರ್ಡ್ ಹಾಕಿದ ಮೊದಲ ನಿಮಿಷದಲ್ಲೇ ಫೈಲ್ – ಆಪ್ಷನ್ಸ್ – ಪ್ರೂಫಿಂಗ್ – ಆಟೊಕರೆಕ್ಟ್ ಆಪ್ಷನ್ಸ್‌ಗೆ ಹೋಗಿ, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಗುರುತನ್ನು ತೆಗೆಯಬೇಕು. ವರ್ಡಿನ ಕಣ್ಣಿಗೆ ಅದು ಇಂಗ್ಲಿಷೇ. ಸಣ್ಣ ಕ್ಯೂವನ್ನು ದೊಡ್ಡದು ಮಾಡಿತೆಂದರೆ ನಿಮ್ಮ ‘ಡ’ ಹೋಗಿ ಇನ್ನೇನೋ ಬಂದಿರುತ್ತದೆ. ನೇರ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡುವ ಗುರುತನ್ನೂ ತೆಗೆಯಿರಿ.

ಯೂನಿಕೋಡಿಗೆ ತಿರುಗಿಸುವಾಗ ಕಾಡುವುದು ಅರ್ಕಾವತ್ತು. ಆನ್ಸಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ (ತಿರುಗಿಸುವ ಸಾಫ್ಟ್‌ವೇರ್) ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ, ‘ವರ್ಷ’ ಹೋಗಿ ‘ವಷರ್’, ‘ಧರ್ಮ’ ಹೋಗಿ ‘ಧಮರ್’. ತಿರುಗಿಸಿದ ಕೂಡಲೇ ಈ ಮೂರನ್ನು ಹುಡುಕಿ ನೋಡಿ, ಒಂದು ಸಿಕ್ಕಿದರೂ ಆ ಪರಿವರ್ತಕ ಬೇಡ. ಇನ್ನೊಂದು: ಬರೇ ಪಠ್ಯವನ್ನು ತಿರುಗಿಸುವ ಪರಿವರ್ತಕಕ್ಕೆ ಕನ್ನಡದ ನಡುವಿನ ಇಂಗ್ಲಿಷ್ ಪದ ಯಾವುದೆಂದು ತಿಳಿಯದು. ಪ್ಯಾನ್ ಸಂಖ್ಯೆಯ ಅಕ್ಷರಗಳು ಕನ್ನಡದ ಚೂರುಗಳಾಗಿಬಿಡುತ್ತವೆ. ಆದ್ದರಿಂದ ಇಂಗ್ಲಿಷ್ ಬೆರೆತ ದಾಖಲೆಗಳನ್ನು ತುಂಡುತುಂಡಾಗಿ ತಿರುಗಿಸಿ. ಸದಸ್ಯರ ಹೆಸರು, ಸರ್ವೇ ನಂಬರು, ಸೆಂಟಿನ ಲೆಕ್ಕ ಇವನ್ನು ಹಳೆಯ ಪ್ರಿಂಟಿನೊಂದಿಗೆ ಒಬ್ಬರು ಓದಿ ಇನ್ನೊಬ್ಬರು ನೋಡಿ ತಾಳೆಹಾಕಲಿ.

ಹಳೆಯ ವರ್ಡ್ ಮತ್ತು ಫಾಂಟ್ ಇರುವ ಒಂದು ಕಂಪ್ಯೂಟರನ್ನು ನೆಟ್ ಕಳಚಿ ಮುಂದಿನ ಮಾರ್ಚ್ 31ರವರೆಗಾದರೂ ಇಟ್ಟುಕೊಳ್ಳಿ. ಆಡಿಟ್ ಸಮಯದಲ್ಲಿ ಯಾವುದೋ ಹಳೆಯ ನಿರ್ಣಯದ ಪ್ರತಿ ಬೇಕೆಂದಾಗ ಅದನ್ನು ಸರಿಯಾಗಿ ತೋರಿಸುವುದು ಆ ಕಂಪ್ಯೂಟರೇ.